ಬೀಗರು ಕೂತ ಪೆಟ್ಟಿಗೆ

ಕೊಳ್ಳೇಗಾಲದ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಬೇವಿನ ಮರದ ಒಂದು ಬೆಂಚಿತ್ತು. ಒಳಗೆ ಟೊಳ್ಳು. ಮೇಲಿನ ಹಲಗೆ ಎತ್ತಿದರೆ ಪೆಟ್ಟಿಗೆ, ಇಳಿಸಿದರೆ ಕೂರುವ ಜಾಗ. ಒಂದು ಮಧ್ಯಾಹ್ನ ಯಳಂದೂರಿನ ಬೀಗರು ಅದರ ಮೇಲೆ ಕೂತು ಏಳದೇ ಹೋದ ಕಥೆಯನ್ನು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಆಗಿನ್ನೂ ಅವರು ಬೀಗರಾಗಿರಲಿಲ್ಲ ಅನ್ನಿ, ಆಗುವ ಅಂದಾಜಿನಲ್ಲಿದ್ದರು. ಒಬ್ಬೊಬ್ಬರ ಬಾಯಲ್ಲಿ ಕಥೆ ಒಂದೊಂದು ಥರ. ನಾನು ಆಗ ಸಣ್ಣವನು. ಆದರೆ ಪೆಟ್ಟಿಗೆಯೊಳಕ್ಕೆ ತಲೆ ಹಾಕಿದವನು ನಾನೇ ಆದ್ದರಿಂದ ನನ್ನ ಮಾತನ್ನು ತುಸು ನಂಬಬಹುದು.

ಮರದಿಂದಲೇ ಶುರುಮಾಡುತ್ತೇನೆ. ಅಜ್ಜಿಯ ತವರು ಹನೂರಿನ ಕಡೆ. ಈಗ ಹನೂರೇ ಒಂದು ತಾಲ್ಲೂಕು. ಆಗ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ನೀರು ಕುಡಿದು ಕೂತು ಏಳುವ ದಾರಿ ಅದು. ಅಲ್ಲಿನ ಹೊಲದ ಬದುವಿನಲ್ಲಿ ಒಂದು ಮುದಿ ಬೇವು ಇತ್ತು. ಬುಡಕ್ಕೆ ಯಾರೋ ಅರಿಶಿನ ಕುಂಕುಮ ಬಳಿದು, ಮೂರು ಕಲ್ಲು ನೆಟ್ಟು, ಮಾರವ್ವನ ಜಾಗ ಅಂತ ಮಾಡಿದ್ದರು. ಹಾಗಾಗಿ ಅದರ ಕೊಂಬೆ ಮುರಿಯುವುದಕ್ಕೂ ಜನ ಹೆದರುತ್ತಿದ್ದರು. ಯುಗಾದಿಗೆ ಹೂವು ಕಿತ್ತುಕೊಳ್ಳುವಾಗಲೂ ಕೈಮುಗಿದೇ ಕೀಳುವುದು.

ಯುಗಾದಿ ಕಳೆದ ಮೇಲೆ ನಮ್ಮ ಕಡೆ ಬರುವ ಮೊದಲ ಮಳೆ ನೀರಿಗಿಂತ ಗಾಳಿಯನ್ನೇ ಹೆಚ್ಚು ತರುತ್ತದೆ. ಭರಣಿಯೋ ಕೃತ್ತಿಕೆಯೋ ನೆನಪಿಲ್ಲ, ಒಂದು ಸಂಜೆ ಆ ಗಾಳಿ ಮರವನ್ನು ಬೇರುಸಮೇತ ಮಲಗಿಸಿತು. ಬೆಳಗ್ಗೆ ನೋಡಿದರೆ ಮೂರು ಕಲ್ಲೂ ನೆಟ್ಟಗೆ ನಿಂತಿವೆಯಂತೆ, ಮರ ಮಾತ್ರ ಪಕ್ಕಕ್ಕೆ ಬಿದ್ದಿದೆಯಂತೆ. ಅಜ್ಜಿಯ ತಮ್ಮ ಹೇಳಿಕಳಿಸಿದರು: "ತಕ್ಕಂಡೋಗಕ್ಕ, ಇಲ್ಲಿದ್ರ ಸೌದ ಆಯ್ತದ."

ಮಾರವ್ವನ ಮರ ಮನೆಗೆ ತರಬಹುದಾ ಅಂತ ಬೀದಿಯಲ್ಲಿ ಒಂದಷ್ಟು ಚರ್ಚೆಯಾಯಿತು. ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದಳು: "ನಾವೇನ್ ಕೊಡ್ಲಿ ಹಾಕುದ್ವಾ? ಅವಳೇ ಕೆಡವಿ ಕೊಟ್ಟವ್ಳ." ಹಾಗೆಂದರೂ ಧೈರ್ಯ ಸಾಲದೆ ತಂಬಿಟ್ಟು ಮಾಡಿಕೊಂಡು ಹೋಗಿ ಆ ಕಲ್ಲುಗಳ ಮುಂದೆ ಇಟ್ಟು ಬಂದಳು. ಆ ತಂಬಿಟ್ಟಿನಲ್ಲಿ ಒಂದುಂಡೆ ನನಗೂ ಸಿಕ್ಕಿತ್ತು. ಹುರಿಗಡಲೆ, ಕೊಬ್ಬರಿ, ಎಳ್ಳು, ಬೆಲ್ಲದ ಪಾಕ. ಪಾಕ ಸ್ವಲ್ಪ ಮುಂದಾಗಿತ್ತು, ಹಲ್ಲಿಗೆ ಅಂಟುತ್ತಿತ್ತು. ಇಂಥದ್ದೆಲ್ಲ ಚೆನ್ನಾಗಿ ನೆನಪಿರುತ್ತದೆ. ಅದು ಮಳೆ ಒಳ್ಳೆಯ ವರ್ಷವೋ ಬರಗಾಲವೋ ಕೇಳಿದರೆ ಗೊತ್ತಿಲ್ಲ.

ದಿಮ್ಮಿಯನ್ನು ಅಲ್ಲೇ ಕೊಯ್ಯಿಸಿದರು. ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಎಳೆಯುವ ಉದ್ದನೆಯ ಗರಗಸ. ಕೆಳಗಿದ್ದವನು ತಲೆಗೆ ವಸ್ತ್ರ ಸುತ್ತಿಕೊಂಡಿದ್ದರೂ ಹುಬ್ಬಿನ ಮೇಲೆಲ್ಲ ಮರದ ಪುಡಿ. ಹೊರಗಿನ ಬಿಳಿ ಭಾಗ ಕಳೆದು ನಡುವಿನ ಚೇಗು ಬಂದಾಗ ಅದರ ಬಣ್ಣಕ್ಕೆ ಅಜ್ಜಿಯೇ ಬೆರಗಾದಳು, ತಿಳಿಗೆಂಪು. ಬೇವಿನ ಚೇಗು ಗಾಳಿ ಬೆಳಕಿಗೆ ಬಿದ್ದಷ್ಟೂ ಕಪ್ಪಗಾಗುತ್ತ ಹೋಗುತ್ತದೆ. ಶ್ರೀಮಂತರು ಮಹಾಗನಿ, ಮಹಾಗನಿ ಅಂತ ಕೊಂಡಾಡುತ್ತಾರಲ್ಲ, ಬೇವು ಅದೇ ಕುಟುಂಬದ ಮರ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಅಜ್ಜಿಗೆ ಅದನ್ನು ಹೇಳಿದ್ದಿದ್ದರೆ, "ಅದ್ಯಾರ್ದವ್ವ ಮಾಗಣಿ, ನಮ್ಮ ಮಾರವ್ವನಿಗಿಂತ ದೊಡ್ಡವ್ಳಾ?" ಅನ್ನುತ್ತಿದ್ದಳು.

ಹಲಗೆಗಳು ಗಾಡಿಯಲ್ಲಿ ರಾತ್ರಿ ಪೂರಾ ಬಂದು ಬೆಳಗಿನ ಜಾವಕ್ಕೆ ಕೊಳ್ಳೇಗಾಲ ಮುಟ್ಟಿದವು. ಆಚಾರ್ರು ಬಂದು ನೋಡಿದರು. ಆಚಾರ್ರನ್ನು ನೀವು ನೋಡಬೇಕಿತ್ತು. ಸಣಕಲು ಆಳು, ಕಿವಿಯ ಸಂದಿಯಲ್ಲಿ ಮೋಟು ಪೆನ್ಸಿಲ್ಲು, ಬಾಯಲ್ಲಿ ಎಲೆಅಡಿಕೆ. ಅಡಿಕೆ ನುಣ್ಣಗಾಗುವ ತನಕ ಯಾರು ಏನು ಕೇಳಿದರೂ ಉತ್ತರವಿಲ್ಲ. ಅಮಾವಾಸ್ಯೆ ದಿನ ಉಳಿ ಮುಟ್ಟುತ್ತಿರಲಿಲ್ಲ. ಹಲಗೆಯ ಹಸಿ ಎಷ್ಟಿದೆ ಅಂತ ನೋಡಲು ಕೆನ್ನೆಯನ್ನೇ ಅದಕ್ಕೆ ಒತ್ತುವರು. ಅವತ್ತು ಕೆನ್ನೆ ಒತ್ತಿ, ಅಡಿಕೆ ಉಗಿದು ಬಂದು, "ಇದು ಇನ್ನೂ ಮರ. ಹಲಗೆ ಆಗ್ಲಿ, ಬತ್ತೀನಿ" ಅಂತ ಹೇಳಿ ಹೋದರು.

ಹೋಗುವ ಮುಂಚೆ ಹಿತ್ತಲ ಕೊಟ್ಟಿಗೆಯಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಬೆರಳುದಪ್ಪದ ರಿಪೀಸು ಇಡಿಸಿ, ಕೊಯ್ದ ತುದಿಗಳಿಗೆ ಸಗಣಿ ಬಳಿಸಿದರು. ಮರದ ನೀರು ಮೈಯಿಂದ ನಿಧಾನಕ್ಕೆ ಹೋಗುತ್ತದೆ, ತುದಿಯಿಂದ ಬೇಗ. ತುದಿ ಮೊದಲು ಒಣಗಿತೋ ಸೀಳು ಬಿಡುತ್ತದೆ, ಅದಕ್ಕೇ ಸಗಣಿ. ಬಿಸಿಲಿಗೆ ಇಟ್ಟರೆ ಬೇಗ ಒಣಗೋದಿಲ್ವಾ ಅಂತ ಚಿಕ್ಕಪ್ಪ ಕೇಳಿದ್ದಕ್ಕೆ ಆಚಾರ್ರು ಅವನನ್ನು ಮೇಲಿಂದ ಕೆಳಕ್ಕೆ ನೋಡಿ ಇನ್ನೊಂದು ಎಲೆಗೆ ಸುಣ್ಣ ಸವರಿಕೊಂಡರು.

ಮಳೆಗಾಲ ಕಳೆಯಿತು. ನಮ್ಮಲ್ಲಿ ದೊಡ್ಡ ಮಳೆ ಹಿಂಗಾರಿನದು, ದಸರೆ ಆಸುಪಾಸು. ಆಮೇಲೆ ಚಳಿ, ಅವರೆಕಾಯಿ, ಹಿತಕಿದ ಬೇಳೆ ಸಾರು, ಚಿಕ್ಕಲ್ಲೂರು ಜಾತ್ರೆ. ಜಾತ್ರೆಯಿಂದ ಜನ ವಾಪಸು ಬಂದ ಮೇಲೇ ಆಚಾರ್ರೂ ಬಂದದ್ದು. ಅದೇ ವರ್ಷದ ಚಳಿಗಾಲವೋ ಇನ್ನೊಂದು ವರ್ಷ ಕಳೆದ ಮೇಲೋ ಅನ್ನುವಲ್ಲಿ ನನಗೂ ಚಿಕ್ಕಪ್ಪನಿಗೂ ಜಗಳವಿದೆ. ಕೆನ್ನೆ ಒತ್ತಿ ನೋಡಿ, "ಆಗದ" ಅಂದರು.

ಕೆಲಸ ನಡೆದದ್ದು ಹಿತ್ತಲಲ್ಲೇ. ಬೇವಿನ ಎಳೆ ತಿರುಚಿಕೊಂಡಿರುತ್ತದೆ. ಉಜ್ಜುಗೊರಡು ಒಂದು ಕಡೆಯಿಂದ ತಳ್ಳಿದರೆ ನುಣ್ಣಗೆ ಓಡಿ, ಗೇಣು ದೂರ ಹೋಗಿ ಅಲ್ಲಿ ಚಕ್ಕೆ ಎಬ್ಬಿಸುತ್ತದೆ. ಆಗ ಆಚಾರ್ರು ಹಲಗೆಯನ್ನೇ ತಿರುಗಿಸಿಕೊಳ್ಳುವರು. ಹಾಗೆ ಉಜ್ಜುವಾಗ ಏಳುವ ಪುಡಿ ಇದೆಯಲ್ಲ, ಹಿಟ್ಟಿನಷ್ಟು ನಯ, ಅದು ಕಹಿ. ಅಡುಗೆಮನೆ ಕಿಟಕಿಯಿಂದ ಒಳಗೆ ಬಂದು ಕೂರುತ್ತಿತ್ತು. ಮುದ್ದೆ ಕಹಿ, ಹುರುಳಿಕಟ್ಟಿನ ಸಾರು ಕಹಿ, ಮಜ್ಜಿಗೆ ಕಹಿ. ಅಜ್ಜಿ ಮುದ್ದೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಬಟ್ಟೆ ಹೊದಿಸಿ ಸಾಕಾಗಿ, "ಯುಗಾದಿ ದಿನ ಒಂದ್ ಎಸಳು ತಿನ್ನಿ ಅಂತವ್ರ. ಈ ಆಚಾರಿ ತಿಂಗ್ಳುಗಟ್ಲೆ ತಿನ್ನುಸ್ತಾವ್ನ, ಬೆಲ್ಲಾನೂ ಇಲ್ಲ" ಅನ್ನುತ್ತಿದ್ದಳು. ಆಚಾರ್ರು ಮಾತ್ರ ಅದೇ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುವರು. ಅವರ ನಾಲಿಗೆಗೆ ಕಹಿ ಹೊಕ್ಕು ಎಷ್ಟು ಕಾಲವಾಗಿತ್ತೋ.

ಕಬ್ಬಿಣದ ಮೊಳೆ ಎರಡು ಕೀಲಿಗೂ ಚಿಲಕಕ್ಕೂ ಬಿಟ್ಟರೆ ಬೇರೆಲ್ಲೂ ಇಲ್ಲ. ಮೂಲೆಗಳಲ್ಲಿ ಹಲಗೆಯ ತುದಿಗೆ ಕಚ್ಚು ತೆಗೆದು, ಇದರ ಹಲ್ಲು ಅದರ ಸಂದಿಗೆ, ಅದರ ಹಲ್ಲು ಇದರ ಸಂದಿಗೆ ಕೂರಿಸಿ, ಕೊಡತಿಯಿಂದ ಬಡಿದು, ಅಡ್ಡಕ್ಕೆ ಬಿದಿರಿನ ಗೂಟ ಜಡಿದರು. ತಳದ ಹಲಗೆಗಳ ನಡುವೆ ಒಂದೊಂದು ಕೂದಲೆಳೆಯಷ್ಟು ಸಂದು ಬಿಟ್ಟರು, ಗಾಳಿಯಾಡಲು. ಕಾಲುಗಳು ನಾಲ್ಕು ಬೆರಳು ಎತ್ತರ, ಪೊರಕೆ ಹೋಗಲು. ಮೇಲಿನ ಮುಚ್ಚಳ ಮಾತ್ರ ಎರಡು ಅಗಲ ಹಲಗೆ ಜೋಡಿಸಿದ್ದು, ಕೆಳಗೆ ಅಡ್ಡಪಟ್ಟಿ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದಕ್ಕೆ ಜಾಗ ಬಿಟ್ಟು ಪಟ್ಟಿ ಕೂರಿಸಿದ್ದರು. ಅದನ್ನು ಎತ್ತಲು ಗಟ್ಟಿ ಆಳೇ ಬೇಕು.

ಈ ಮುಚ್ಚಳದ ವಿಷಯಕ್ಕೇ ಜಗಳವಾದದ್ದು. ಆಚಾರ್ರು ಅಡಿಕೆ ಉಗಿದು ಬಂದು ಕೇಳಿದರು: "ಅವ್ವಾರೆ, ಬಾಗ್ಲ ಮುಂದಕ ಮಡಗ್ಲಾ? ಮೇಲಕ ಮಡಗುದ್ರ ಏನಾರ ತಕ್ಕಳಕ ಕೂತೋರ್ನ ಎಬ್ಬುಸ್ಬೇಕಾಯ್ತದ."

"ಅದಕೇ ಮೇಲಕ ಮಡಗು ಅಂತಿರದು. ನಾ ಕೂತಿದ್ರ ಇನ್ಯಾರು ತೆಗದಾರು?"

"ನೀವಲ್ದೆ ಬ್ಯಾರೇರು ಕೂತ್ರ?"

"ನನ್ ಪೆಟ್ಟಿಗ ಮ್ಯಾಲ ಬ್ಯಾರೇರು ಯಾಕ್ ಕೂತಾರು?"

ಆಚಾರ್ರು ಮತ್ತೆ ಮಾತಾಡಲಿಲ್ಲ. ಹರಳೆಣ್ಣೆ ಉಜ್ಜಿ, ಕೂಲಿ ತೆಗೆದುಕೊಂಡು, ಮಿಕ್ಕ ತುಂಡುಗಳನ್ನು ಪಂಚೆಯಲ್ಲಿ ಕಟ್ಟಿಕೊಂಡು ಹೋದರು. ಆ ತುಂಡುಗಳನ್ನು ಅವರು ಕೇಳಲೂ ಇಲ್ಲ, ಅಜ್ಜಿ ಕೊಡಲೂ ಇಲ್ಲ.

ಪೆಟ್ಟಿಗೆ ತುಂಬಲು ಎಷ್ಟು ಹೊತ್ತು. ಎಡಗಡೆ ಬಿತ್ತನೆಯ ಹುರುಳಿ, ಅವರೆ, ಬೂದಿ ಬೆರೆಸಿದ ಗಂಟುಗಳಲ್ಲಿ. ನಡುವೆ ಹಿತ್ತಾಳೆಯ ಎಲೆಅಡಿಕೆ ತಟ್ಟೆ, ಬೆಳ್ಳಿ ಕುಂಕುಮದ ಬಟ್ಟಲು, ಬಂದವರಿಗೆ ಅಂತ ತೆಗೆದಿಟ್ಟ ಲೋಟಗಳು. ಬಲಗಡೆ ಹಳೇ ಪಂಚೆಯಲ್ಲಿ ಸುತ್ತಿದ ರೇಷ್ಮೆ ಸೀರೆಗಳು. ಕೊಳ್ಳೇಗಾಲದಲ್ಲಿ ಬಾಳುವವಳಿಗೆ ಒಂದು ರೇಷ್ಮೆ ಸೀರೆಯಾದರೂ ಇರಲೇಬೇಕು; ನಾಲ್ಕು ಬೀದಿ ದಾಟಿದರೆ ಮಗ್ಗದ ಸದ್ದು ಕೇಳುವ ಊರು. ಬೇವಿನ ಪೆಟ್ಟಿಗೆಯಲ್ಲಿ ಹುಳ ಬೀಳುವುದಿಲ್ಲ ಅನ್ನುವುದೇ ಅಜ್ಜಿಯ ಲೆಕ್ಕ. ಎಲ್ಲದರ ಅಡಿಯಲ್ಲಿ ಹೊಲದ ಕಾಗದಗಳು, ಅವುಗಳ ಮೇಲೆ ಕೊಯಮತ್ತೂರು ಜಿಲ್ಲೆ ಎಂಬ ಒಕ್ಕಣೆ. ಇನ್ನು ಎಲ್ಲೋ ಒಂದು ಮೂಲೆಯಲ್ಲಿ ಸಕ್ಕರೆ ಡಬ್ಬ, ನಮ್ಮಂಥವರ ಕೈಗೆ ಸಿಗದಿರಲಿ ಅಂತ. ಬೀಗದ ಕೈ ಅಜ್ಜಿಯ ಸೊಂಟದಲ್ಲಿ.

ಕೊಯಮತ್ತೂರು ಅಂದೆನಲ್ಲ, ಆ ಕಥೆ ಹೇಳದಿದ್ದರೆ ಬೀಗರ ಮಾತು ಅರ್ಥವಾಗುವುದಿಲ್ಲ. ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಇರುವುದು ಒಂದು ಹೊತ್ತಿನ ಗಾಡಿ ದಾರಿ. ಆದರೆ 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕೊಳ್ಳೇಗಾಲ ಕುಂಪಣಿಯವರ ಪಾಲಾಗಿ ಮದರಾಸಿಗೆ, ಅಂದರೆ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರು ಅರಸರಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರು ಕೊಟ್ಟರು. ಅತ್ತ ಇತ್ತ ಹೆಣ್ಣು ಕೊಟ್ಟು ತಂದು ಮಾಡಿದ ಜನ ನೂರೈವತ್ತು ವರ್ಷ ಎರಡು ಸರ್ಕಾರಗಳ ಕೆಳಗಿದ್ದರು. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರಿಗೆ ಬಂತು. ಕಾಗದದಲ್ಲಿ ಬಂತು. ಯಳಂದೂರಿನ ಹಿರಿಯರ ಬಾಯಲ್ಲಿ ನಾವು ಇನ್ನೂ ಬಹಳ ಕಾಲ ಮದರಾಸಿನವರಾಗಿಯೇ ಇದ್ದೆವು.

ನನ್ನ ಸಣ್ಣತ್ತೆಯನ್ನು ಹೆಣ್ಣು ನೋಡಲು ಯಳಂದೂರಿನವರು ಬರುವುದು ಸಂಜೆ ಅಂತ ಮಾತಾಗಿತ್ತು. ಯಾವುದೋ ಲಾರಿ ಸಿಕ್ಕಿತಂತೆ, ಉರಿಬಿಸಿಲಿನಲ್ಲೇ ಬಂದು ಬಾಗಿಲಲ್ಲಿ ನಿಂತರು. ಯಜಮಾನರು, ಅವರ ಹೆಂಡತಿ, ಇನ್ನೊಬ್ಬ ನೆಂಟ. ಯಜಮಾನರದು ಭಾರಿ ಶರೀರ, ಹಣೆ ತುಂಬ ವಿಭೂತಿ, ತಲೆಗೆ ರುಮಾಲು. ರುಮಾಲು ಕೆಂಪಗಿತ್ತು ಅಂತ ನಾನು, ಬಿಳಿ ಅಂತ ಚಿಕ್ಕಪ್ಪ. ಮಂಡಿನೋವಿತ್ತು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಚಾಪೆ ಹಾಸಿದರೆ, "ಕೆಳಗ ಕೂತ್ರ ಎದ್ದಾಳಕಾಗದಿಲ್ಲ" ಅಂತ ನೆಟ್ಟಗೆ ಹೋಗಿ ಬೆಂಚಿನ ನಟ್ಟನಡುವೆ ಕೂತರು. ಹಲಗೆಯನ್ನು ಅಂಗೈಯಿಂದ ತಟ್ಟಿ, "ಗಟ್ಟಿ ಅದ" ಅಂದರು.

ಅಜ್ಜಿ ಅಡುಗೆಮನೆಯಿಂದ ಇಣುಕಿದಳು. ಸಣ್ಣತ್ತೆ ಉಡಬೇಕಾದ ಸೀರೆ ಅವರ ಕೆಳಗೆ. ಎಲೆಅಡಿಕೆ ತಟ್ಟೆ ಅವರ ಕೆಳಗೆ. ಲೋಟ, ಕುಂಕುಮದ ಬಟ್ಟಲು, ಕಾಫಿಗೆ ಸಕ್ಕರೆ, ಎಲ್ಲ ಅವರ ಕೆಳಗೆ. ಹೆಣ್ಣು ಕೊಡುವ ಮನೆಯವರು ಬೀಗರಾಗುವವರನ್ನು ಏಳಿ ಅನ್ನುವುದುಂಟೇ?

ಚಿಕ್ಕಪ್ಪನನ್ನು ಮೊದಲು ಬಿಟ್ಟರು. "ಯಜಮಾನ್ರೇ, ಕೈಕಾಲ್ ತೊಳ್ಕಳಿ ಬನ್ನಿ." ಬರುವಾಗಲೇ ತೊಳೆದಾಗಿತ್ತು. "ಹಿತ್ಲಲ್ಲಿ ತಂಪದ, ಬೇವಿನ ಗಾಳಿ ಬತ್ತದ." ಇಲ್ಲೇ ತಂಪದ. "ಹೊಸಾದಾಗಿ ಒಂದ್ ಹಸ ತಂದಿವಿ, ನೋಡ್ತಿರಾ?" ನೋಡುತ್ತೀನಿ, ಆಮೇಲೆ. ಯಜಮಾನರು ಅಷ್ಟರಲ್ಲಿ ಮಾತಿಗೆ ಕೂತಿದ್ದರು. ಪೂರ್ಣಯ್ಯನವರ ಜಹಗೀರು, ಬಂಗಲೆ. ಗೌರೀಶ್ವರನ ಗುಡಿಯ ಬಳೆಮಂಟಪದಲ್ಲಿ ಕಲ್ಲನ್ನೇ ಬಳೆಬಳೆಯಾಗಿ ಕೊರೆದು ಸರಪಣಿ ಮಾಡಿರುವುದು. "ನಿಮ್ಮ ಆಚಾರಿ ಮರದಲ್ ಮಾಡವ್ನ. ನಮ್ಮೂರಲ್ಲಿ ಕಲ್ಲಲ್ಲೇ ಮಾಡವ್ರ." ಆಮೇಲೆ ಸಂಚಿಯ ಹೊನ್ನಮ್ಮ. ಚಿಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದವಳು ಕಾವ್ಯ ಬರೆದಳು, ಅವಳು ಯಳಂದೂರಿನವಳು ಅನ್ನುವ ಹೆಮ್ಮೆ. ಎಲೆಅಡಿಕೆಯ ಮಾತು ಬಂದದ್ದೇ ಅವರಿಗೆ ನೆನಪಾಯಿತು.

"ಅಂದಂಗ, ಎಲ್ಲಡಕ ತಟ್ಟ ತರ್ಸಿ. ನಿಮ್ಮ ಮದರಾಸಿ ಸೀಮೆಲಿ ಎಲ್ಲಡಕ ಹಾಕ್ತಿರೋ ಇಲ್ವೋ?"

ಚಿಕ್ಕಪ್ಪ ಒಳಗೆ ಹೋದ. ಒಳಗೆ ಸಣ್ಣತ್ತೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಅಳುತ್ತಿದ್ದಳು ಅಂತ ಅವಳೇ ಹೇಳುತ್ತಾಳೆ. ನಾನು ಕಂಡದ್ದು ನಗು. ಅಜ್ಜಿ ಒಂದು ಗಳಿಗೆ ಒಲೆಯನ್ನೇ ನೋಡುತ್ತ ನಿಂತಳು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ನನ್ನ ಕೈಗೆ ತುರುಕಿ, "ತಟ್ಟ, ಸೀರ, ಸಕ್ರ" ಅಂತ ಕಿವಿಯಲ್ಲಿ ಹೇಳಿ, ಗಂಟೆ ಮತ್ತು ಆರತಿ ತಟ್ಟೆ ಎತ್ತಿಕೊಂಡು ಪಡಸಾಲೆಗೆ ನಡೆದಳು.

ಮಾದಪ್ಪನ ಹುಲಿವಾಹನದ ಪಟ ಇದ್ದದ್ದು ಬೆಂಚಿನ ಎದುರು ಗೋಡೆಗೆ. ಅಜ್ಜಿ ಕರ್ಪೂರ ಹಚ್ಚಿ ಗಂಟೆ ಬಾರಿಸಿದಳು.

ಆ ಹೊತ್ತಿನಲ್ಲಿ ಎಂಥ ಮಂಗಳಾರತಿ ಅಂತ ಯಾರೂ ಕೇಳುವ ಹಾಗಿಲ್ಲ. ನಮ್ಮ ಸೀಮೆಯಲ್ಲಿ ಮಾದಪ್ಪನ ಮುಂದೆ ಕರ್ಪೂರ ಉರಿದ ಮೇಲೆ ಮಂಡಿನೋವೂ ಇಲ್ಲ, ಮೈಸೂರು ಮದರಾಸೂ ಇಲ್ಲ. ಯಜಮಾನರು ಬೆಂಚಿನ ತುದಿ ಹಿಡಿದುಕೊಂಡು ಎದ್ದರು, ನಾಲ್ಕು ಹೆಜ್ಜೆ ಮುಂದೆ ಹೋಗಿ ಪಟದ ಮುಂದೆ ನಿಂತು, "ಉಘೇ ಮಾದಪ್ಪಾ" ಅಂತ ಕಣ್ಣುಮುಚ್ಚಿದರು. ಮಿಕ್ಕವರೂ ಎದ್ದರು. ಎಲ್ಲರ ಬೆನ್ನೂ ಬೆಂಚಿನ ಕಡೆಗೆ.

ಚಿಕ್ಕಪ್ಪ ಮುಚ್ಚಳ ಎತ್ತಿ ಹೆಗಲಿಗೆ ಕೊಟ್ಟುಕೊಂಡ. ನಾನು ಒಳಕ್ಕೆ ಬಾಗಿದೆ. ಬೇವಿನ ಘಾಟು, ರೇಷ್ಮೆಯ ವಾಸನೆ, ಬೂದಿ, ಕತ್ತಲು. ತಟ್ಟೆ ಮೊದಲು ಸಿಕ್ಕಿತು. ಎಳೆಯುವಾಗ ಲೋಟಕ್ಕೆ ತಗುಲಿ ಠಣ್ ಅಂದಿತು. ಅಜ್ಜಿ ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದಳು. ಸೀರೆಯ ಗಂಟು ಸಿಕ್ಕಿತು. ಸಕ್ಕರೆ ಡಬ್ಬ ಸಿಗಲೊಲ್ಲದು. ಕರ್ಪೂರ ಮುಗಿಯುತ್ತ ಬಂತು, ಅಜ್ಜಿ ಇನ್ನೊಂದು ಬಿಲ್ಲೆ ಹಾಕಿದಳು. ಮುಗಿದ ಹಾಡನ್ನು ಮತ್ತೆ ಮೊದಲಿಂದ ಹಿಡಿದಳು. ನಾನು ಹುರುಳಿ ಗಂಟು ಪಕ್ಕಕ್ಕೆ ತಳ್ಳಲು ಹೋದೆ, ಅದು ಬಿಚ್ಚಿಕೊಂಡಿತು. ತಳದ ಸಂದಿನಿಂದ ಬೂದಿ, ನಾನು ಹಿಡಿದೆಳೆದ ಕಡೆಯಿಂದ ಹುರುಳಿ, ಸರಸರ ಅಂತ ನೆಲದ ಮೇಲೆಲ್ಲ ಓಡಿತು. ಒಂದಷ್ಟು ಕಾಳು ಯಜಮಾನರ ಹಿಮ್ಮಡಿಯವರೆಗೂ ಹೋಯಿತು.

ಅವರು ತಿರುಗಿದರು. ಹೆಗಲ ಮೇಲೆ ಮುಚ್ಚಳ ಹೊತ್ತ ಚಿಕ್ಕಪ್ಪ. ಪೆಟ್ಟಿಗೆಯಿಂದ ಹೊರಗೆ ನನ್ನ ಎರಡು ಕಾಲು. ಅವರು ನಿಧಾನಕ್ಕೆ ಆರತಿ ತಗೊಂಡು ಕಣ್ಣಿಗೊತ್ತಿಕೊಂಡರು, ತಟ್ಟೆಗೆ ಕಾಸು ಹಾಕಿದರು, ಆಮೇಲೆ ಅಜ್ಜಿಯನ್ನು ಕೇಳಿದರು:

"ಏನಕ್ಕಾ, ಮಾದಪ್ಪ ಪಟದಲ್ಲವ್ನೋ, ಪೆಟ್ಟಿಗ ಒಳಗವ್ನೋ?"

ಮೊದಲು ನಕ್ಕದ್ದು ಅವರ ಹೆಂಡತಿ. ಒಳಗಿಂದ ಸಣ್ಣತ್ತೆಯ ನಗುವೂ ಕೇಳಿತು, ಹೆಣ್ಣನ್ನು ನೋಡುವ ಮುಂಚೆ ಹೆಣ್ಣಿನ ನಗು ಕೇಳಿ ಹೋದವರು ನಾವೇ ಅಂತ ಆಮೇಲೆ ಆಕೆ ಎಷ್ಟೋ ಸಲ ಆಡಿಕೊಂಡಿದ್ದುಂಟು. ಸಕ್ಕರೆ ಡಬ್ಬ ಸಿಗಲೇ ಇಲ್ಲ. ಬೆಲ್ಲದ ಕಾಫಿ, ಉಪ್ಪಿಟ್ಟು, ಕಜ್ಜಾಯ. ಯಜಮಾನರು ಕಜ್ಜಾಯ ಮುರಿಯುತ್ತ ಮುಚ್ಚಳದ ಕೆಳಗಿನ ಪಟ್ಟಿ, ಮೂಲೆಯ ಹಲ್ಲು, ಎಲ್ಲ ಬಾಗಿ ಬಾಗಿ ನೋಡಿದರು. ಮಂಡಿನೋವು ಮರೆತೇಹೋಗಿತ್ತು. ಮಾತುಕತೆ ಮುಗಿದು ಹೊರಡುವಾಗ ಹುಡುಗಿಯ ವಿಷಯ ಊರಿಗೆ ಹೋಗಿ ಹೇಳಿಕಳಿಸ್ತೀವಿ ಅಂದರು. ಆಚಾರ್ರ ಮನೆ ಎಲ್ಲಿ ಅಂತ ಮಾತ್ರ ಅಲ್ಲೇ ಕೇಳಿಕೊಂಡರು.

ಮದುವೆ ಆಯಿತು. ಅದಕ್ಕೂ ಮುಂಚೆ ಆಚಾರ್ರು ಯಳಂದೂರಿಗೆ ಹೋಗಿ ಬಂದರು. ಅಲ್ಲಿ ಬೇವು ಸಿಗದೆ ಹಲಸಿನ ಮರದಲ್ಲಿ ಮಾಡಿದರಂತೆ, ಹಳದಿ ಮರ, ಈಗ ಕಂದಿ ಜೇನುಬಣ್ಣ. ಯಜಮಾನರ ಒಂದೇ ಷರತ್ತು, ನೆಂಟರನ್ನು ಎಬ್ಬಿಸದೆ ತೆಗೆಯುವಂತಿರಬೇಕು. ಆಚಾರ್ರು ಮುಂದಕ್ಕೆ ಬಾಗಿಲಿಡಲಿಲ್ಲ. ಮುಚ್ಚಳವನ್ನೇ ಎರಡು ಪಾಲು ಮಾಡಿ ಒಂದು ಪಾಲನ್ನು ಭದ್ರವಾಗಿ ಕೂರಿಸಿಬಿಟ್ಟರು, ಇನ್ನೊಂದು ಪಾಲಿಗೆ ಮಾತ್ರ ಕೀಲು. ಕೂರುವವರು ಆ ಕಡೆ, ತೆಗೆಯುವವರು ಈ ಕಡೆ. ಅಜ್ಜಿಗೆ ಅದನ್ನು ಬಂದು ಹೇಳಿದಾಗ ಆಕೆ ಬಾಯಿ ಬಿಡಲಿಲ್ಲ. ಆಚಾರ್ರಿಗೆ ಸಾರು ಬಡಿಸುವಾಗ ಸೌಟು ಸ್ವಲ್ಪ ಜೋರಾಗಿ ಪಾತ್ರೆಗೆ ತಾಗಿತು, ಅಷ್ಟೆ.

ಯಳಂದೂರಿನ ಆ ಬೆಂಚು ಈಗಲೂ ಸಣ್ಣತ್ತೆಯ ಮನೆಯಲ್ಲಿದೆ. ಹೋದ ಬೇಸಗೆಯಲ್ಲಿ ಹೋಗಿದ್ದೆ. ಕಾಫಿ ಪುಡಿ ತಗೋಬೇಕು, ಸ್ವಲ್ಪ ಏಳು ಅಂತ ಎಬ್ಬಿಸಿದಳು. ಆ ಕಡೆ ಕೂರಿಸಬಾರದಾಗಿತ್ತಾ ಅಂತ ನಾನು ಕೇಳಿದ್ದಕ್ಕೆ, ಬಂದವರೆಲ್ಲ ಈ ಕಡೆಗೇ ಕೂರುತ್ತಾರೆ, ಏನು ಮಾಡಲಿ, ಫ್ಯಾನು ಇರುವುದು ಈ ಕಡೆಗಲ್ಲವಾ ಅಂದಳು.